ಅತ್ತೆ ಬರೆದ ಒಂದೂವರೆ ಪುಟ

ನಮ್ಮಿಬ್ಬರ ಮೊದಲ ಫೋಟೋದಲ್ಲಿ ಹದಿಮೂರು ಜನ ಇದ್ದಾರೆ. ಎಡಗಡೆ ತುದಿಯಲ್ಲಿ ನಾನು, ಬಲಗಡೆ ತುದಿಯಲ್ಲಿ ಇವರು. ನಡುವೆ ಎರಡೂ ಕಡೆಯ ಹನ್ನೊಂದು ಮಂದಿ ನೆಂಟರು, ಹಿಂದೆ ವಾಣಿವಿಲಾಸ ಸಾಗರದ ಕೋಡಿ ನೀರು.

2022ರ ಸೆಪ್ಟೆಂಬರ್ ಅದು. ನಾವು ಮಾರಿಕಣಿವೆ ಅಂತ ಕರೆಯೋ ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ಟರೆ ಮತ್ತೆ ಬಿದ್ದಿರಲಿಲ್ಲ. 89 ವರ್ಷ ಆದಮೇಲೆ ತುಂಬಿ ಹರಿಯುತ್ತಿದೆ ಅಂದ್ರೆ ಜಿಲ್ಲೆಗೆ ಜಿಲ್ಲೆಯೇ ಅಲ್ಲಿ ಜಾತ್ರೆ ಸೇರಿತ್ತು. ಇವರು ಗಣೇಶನ ಹಬ್ಬದ ರಜೆಗೆ ಮೆಲ್ಬರ್ನ್‌ನಿಂದ ಊರಿಗೆ ಬಂದಿದ್ದರು. ಹೊಳಲ್ಕೆರೆಯಿಂದ ಹಿರಿಯೂರಿನ ನಮ್ಮ ಮನೆಗೆ ಹೆಣ್ಣು ನೋಡೋಕೆ ಬಂದವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿ, "ಹೇಗೂ ಇಲ್ಲೀತನಕ ಬಂದಿದ್ದೀವಿ, ಕೋಡಿ ನೋಡ್ಕೊಂಡೇ ಹೋಗಾಣ" ಅಂದ್ರು. ಎರಡು ಕಾರಲ್ಲಿ ಎಲ್ಲರೂ ಹೋದೆವು. ನಾನೂ ಇವರೂ ಬೇರೆ ಬೇರೆ ಕಾರು. ಅಲ್ಲಿ ನಮ್ಮ ಚಿಕ್ಕಪ್ಪ ತೆಗೆದ ಫೋಟೋ ಇದು.

ಹನ್ನೊಂದು ತಿಂಗಳಾದಮೇಲೆ ಇದನ್ನೇ ಆಸ್ಟ್ರೇಲಿಯಾ ಸರ್ಕಾರದ ವೆಬ್‌ಸೈಟಿಗೆ ಹಾಕಿ, ಕೆಳಗೆ ವಿವರಣೆ ಬರೆಯಬೇಕಾಗಿ ಬಂತು. "ಎಡದಿಂದ ಮೊದಲನೆಯವಳು ವಧು, ಹದಿಮೂರನೆಯವರು ವರ" ಅಂತ ಬರೆದೆ. ಬರೆದು ನನಗೇ ನಗು ಬಂತು. ಇದನ್ನು ನೋಡಿ ಇವರಿಬ್ಬರೂ ಗಂಡ ಹೆಂಡತಿ ಅಂತ ಯಾವ ಅಧಿಕಾರಿ ನಂಬ್ತಾನೆ?

ನಮ್ಮ ಮದುವೆ ಆಗಿದ್ದು 2023ರ ಫೆಬ್ರವರಿಯಲ್ಲಿ, ಹಿರಿಯೂರಿನ ಛತ್ರದಲ್ಲಿ. ಆಮೇಲೆ ಹೊಳಲ್ಕೆರೆಗೆ ಹೋಗಿ, ಬಯಲಲ್ಲೇ ಕೂತಿರೋ ಆ ದೊಡ್ಡ ಗಣಪನಿಗೆ ಅತ್ತೆ ಹೊತ್ತಿದ್ದ ಹರಕೆ ತೀರಿಸಿದೆವು. ಒಟ್ಟು ಹತ್ತೊಂಬತ್ತು ದಿನ ಜೊತೆಗಿದ್ದೆವು. ಅದರಲ್ಲಿ ಎಂಟು ದಿನ ನೆಂಟರ ಮನೆ ಊಟಕ್ಕೆ ಹೋಯಿತು, ಒಂದು ದಿನ ಮದುವೆ ನೋಂದಣಿಗೆ ಹೋಯಿತು. ಇಪ್ಪತ್ತನೇ ದಿನ ಇವರು ವಿಮಾನ ಹತ್ತಿದರು.

ಇವರಿಗೆ ಅಲ್ಲಿ ಪಿ.ಆರ್. ಇದೆ. ಹಾಗಾಗಿ ನನಗೆ ಹಾಕಬೇಕಿದ್ದದ್ದು ಪಾರ್ಟ್‌ನರ್ ವೀಸಾ, ಸಬ್‌ಕ್ಲಾಸ್ 309. ಮೊದಲು ತಾತ್ಕಾಲಿಕ ವೀಸಾ, ಅರ್ಜಿ ಹಾಕಿ ಎರಡು ವರ್ಷ ಆದಮೇಲೆ ಇನ್ನೊಂದು ಸಲ ಪರಿಶೀಲಿಸಿ ಕಾಯಂ, ಅದು ಸಬ್‌ಕ್ಲಾಸ್ 100. ಎರಡಕ್ಕೂ ಸೇರಿ ದುಡ್ಡು ಒಂದೇ ಸಲ ಕಟ್ಟಬೇಕು. ನಾವು ಹಾಕುವಾಗ 8,850 ಆಸ್ಟ್ರೇಲಿಯನ್ ಡಾಲರ್ ಇತ್ತು, ನಮ್ಮ ರೂಪಾಯಿಯಲ್ಲಿ ಹತ್ತಿರ ಹತ್ತಿರ ಐದು ಲಕ್ಷ. 2024ರ ಜುಲೈಯಿಂದ 9,095 ಆಯಿತು, 2025ರ ಜುಲೈಯಿಂದ 9,365. ವೀಸಾ ಕೊಡಲ್ಲ ಅಂದರೂ ದುಡ್ಡು ವಾಪಸ್ ಬರಲ್ಲ. ಈ ಮಾತು ಕೇಳಿ ಅಪ್ಪಾಜಿ, "ಇದು ಬೋರ್ ಕೊರೆಸಿದಂಗೆ ಆಯ್ತಲ್ಲಮ್ಮ, ನೀರು ಬಿದ್ರೂ ಬೀಳದಿದ್ರೂ ರೇಟು ಅದೇ" ಅಂದ್ರು.

ಪೇಪರುಗಳ ಕಥೆ ಚುಟುಕಾಗಿ ಹೇಳಿಬಿಡ್ತೀನಿ, ಯಾಕಂದ್ರೆ ನಿಮ್ಮಲ್ಲಿ ಯಾರಾದರೂ ಈ ದಾರಿಯಲ್ಲಿದ್ದರೆ ಅನುಕೂಲ ಆಗಲಿ. ನನ್ನ ಜನನ ಪತ್ರದಲ್ಲಿ ಹೆಸರಿನ ಜಾಗ ಖಾಲಿ ಇತ್ತು, ಲಿಂಗದ ಜಾಗದಲ್ಲಿ ಹೆಣ್ಣು ಅಂತ ಮಾತ್ರ. ನಾಮಕರಣ ಆಗೋಕೆ ಮುಂಚೆ ನೋಂದಾಯಿಸಿದ ಮಕ್ಕಳ ಪಾಡು ಇದು. ಹೆಸರು ಸೇರಿಸಿಕೊಂಡು ಬರೋಕೆ ಎರಡು ತಿಂಗಳು ಹಿಡೀತು. ಪೊಲೀಸ್ ಕ್ಲಿಯರೆನ್ಸ್‌ಗೆ ಬೆಂಗಳೂರಿಗೇ ಹೋಗಬೇಕು ಅಂದುಕೊಂಡಿದ್ದೆ. ದಾವಣಗೆರೆಯ ಅಂಚೆ ಕಚೇರಿಯಲ್ಲಿರೋ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಆಯಿತು, 500 ರೂಪಾಯಿ.

ಇವರದ್ದು ಇನ್ನೊಂದು ಫಜೀತಿ. ಇವರು ಹುಟ್ಟಿದ್ದು ಅಜ್ಜಿ ಮನೆಯಲ್ಲಿ, ಹೊಸದುರ್ಗದಲ್ಲಿ. ಇಂಗ್ಲಿಷಿನಲ್ಲಿ ಪಾಸ್‌ಪೋರ್ಟಲ್ಲಿ ಒಂದು ಸ್ಪೆಲ್ಲಿಂಗು, ಜನನ ಪತ್ರದಲ್ಲಿ ಇನ್ನೊಂದು, ಮದುವೆ ಸರ್ಟಿಫಿಕೇಟಿನಲ್ಲಿ ಮತ್ತೊಂದು. ಒಂದರಲ್ಲಿ ‘ಹೊಸ್‌ದುರ್ಗ್’ ಅಂತಿತ್ತು. ಅದನ್ನು ಗೂಗಲ್‌ನಲ್ಲಿ ಹಾಕಿದರೆ ಕೇರಳದ ಕಾಸರಗೋಡು ಜಿಲ್ಲೆಯ ಹೊಸದುರ್ಗ ತೋರಿಸುತ್ತೆ! ಎಲ್ಲವೂ ಒಂದೇ ಊರು, ಅದು ಚಿತ್ರದುರ್ಗ ಜಿಲ್ಲೆಯಲ್ಲಿದೆ ಅಂತ ಚಿತ್ರದುರ್ಗದ ನೋಟರಿ ಹತ್ರ ಅಫಿಡವಿಟ್ ಮಾಡಿಸಿದೆ. ನೋಟರಿ ಅದನ್ನು ಎರಡು ಸಲ ಓದಿ, "ಹೊಸದುರ್ಗ ಹೊಸದುರ್ಗನೇ ಅಂತ ಬರ್ಕೊಡ್ಬೇಕಾ?" ಅಂದ್ರು.

ಇದೆಲ್ಲ ಓಡಾಟ ಅಷ್ಟೇ. ಓಡಿದರೆ ಆಗುತ್ತೆ. ಕಷ್ಟ ಇದ್ದದ್ದು ಬೇರೆ ಕಡೆ.

ಮದುವೆ ಸರ್ಟಿಫಿಕೇಟ್ ಇದ್ದರೆ ಸಾಲದು. ಸಂಬಂಧ ನಿಜವಾದದ್ದು, ಮುಂದುವರೀತಿರೋದು ಅಂತ ತೋರಿಸಬೇಕು. ಅದನ್ನು ಅವರು ನಾಲ್ಕು ಕಡೆಯಿಂದ ನೋಡ್ತಾರೆ. ದುಡ್ಡುಕಾಸು ಹೇಗೆ ಹಂಚಿಕೊಳ್ತೀರಿ, ಮನೆ ಹೇಗೆ ನಡೆಸ್ತೀರಿ, ನಾಲ್ಕು ಜನ ನಿಮ್ಮನ್ನ ಗಂಡ ಹೆಂಡತಿ ಅಂತ ಗುರುತಿಸ್ತಾರಾ, ಒಬ್ಬರಿಗೊಬ್ಬರು ಎಷ್ಟು ಬದ್ಧರಾಗಿದ್ದೀರಿ. ಮೂರನೆಯದಕ್ಕೆ ನಮಗೆ ಕೊರತೆ ಇರಲಿಲ್ಲ. ಲಗ್ನಪತ್ರಿಕೆ ಇತ್ತು, ಮುಯ್ಯಿ ಬರೆದ ಪುಸ್ತಕ ಇತ್ತು. ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ನಾನೂರು ಚಿಲ್ಲರೆ ಹೆಸರು. ಅದರ ಮೊದಲ ಎರಡು ಪುಟ ಅನುವಾದ ಮಾಡಿಸಿ ಹಾಕಿದೆವು. ಮೆಲ್ಬರ್ನ್‌ನ ಇಬ್ಬರು ಸ್ನೇಹಿತರು ಫಾರಂ 888 ತುಂಬಿಕೊಟ್ಟರು, ಇವರಿಬ್ಬರನ್ನೂ ನಾವು ಬಲ್ಲೆವು ಅಂತ.

ವಾಟ್ಸಾಪ್ ಮಾತುಕತೆಯನ್ನೂ ಹಾಕಬೇಕು ಅಂದ್ರು. ಕೂತು ತೆಗೆದೆ. ಐದು ತಿಂಗಳ ನಮ್ಮ ಪ್ರೇಮ ಸಲ್ಲಾಪ ಹೀಗಿತ್ತು: "ಊಟ ಆಯ್ತಾ?" "ಆಯ್ತು, ನಿಮ್ದು?" "ಆಯ್ತು. ಅಮ್ಮ ಮಾತ್ರೆ ತಗೊಂಡ್ರಾ?" "ತಗೊಂಡ್ರು." ಮಾರನೇ ದಿನ ಮತ್ತೆ ಊಟ, ಮತ್ತೆ ಮಾತ್ರೆ. ಚಿತ್ರದುರ್ಗದಲ್ಲಿ ಒಬ್ಬ ಕನ್ಸಲ್ಟೆಂಟ್ ಹತ್ರ ಒಂದು ಸಲ ಹೋಗಿದ್ದೆ. ಒಂದೂವರೆ ಲಕ್ಷ ಕೇಳಿ, "ಮೇಡಂ, ಊಟಿಗೋ ಕೊಡೈಕೆನಾಲಿಗೋ ಹೋಗಿ ತಬ್ಕೊಂಡಿರೋ ಫೋಟೋ ತೆಗ್ಸಿ, ಚಾಟಲ್ಲಿ ಸ್ವಲ್ಪ ಲವ್ ಇರ್ಲಿ" ಅಂದ. ಎದ್ದು ಬಂದೆ. ಆಮೇಲೆ ಎಲ್ಲಾ ನಾವೇ ಮಾಡಿಕೊಂಡೆವು. (ಏಜೆಂಟ್ ಬೇಕೇ ಬೇಕು ಅನ್ನಿಸಿದರೆ ಆಸ್ಟ್ರೇಲಿಯಾದಲ್ಲಿ ನೋಂದಣಿ ಆದವರ ಪಟ್ಟಿ ಸರ್ಕಾರದ್ದೇ ಇದೆ, ಹೆಸರು ಅದರಲ್ಲಿ ಇದೆಯಾ ನೋಡಿಕೊಳ್ಳಿ.)

ನಾಲ್ಕನೆಯದು, ಬದ್ಧತೆ. ಅದಕ್ಕೆ ಇಬ್ಬರೂ ಬೇರೆ ಬೇರೆಯಾಗಿ ಒಂದೊಂದು ಹೇಳಿಕೆ ಬರೆಯಬೇಕು. ಹೇಗೆ ಭೇಟಿಯಾದಿರಿ, ದೂರ ಇದ್ದಾಗ ಹೇಗೆ ಸಂಪರ್ಕದಲ್ಲಿದ್ದೀರಿ, ಮುಂದಿನ ಯೋಜನೆ ಏನು. 2023ರ ಜುಲೈ ಮೊದಲ ವಾರ ಇಬ್ಬರೂ ಬರೆದು ಒಬ್ಬರಿಗೊಬ್ಬರು ಕಳಿಸಿದೆವು.

ಇವರು ಬರೆದಿದ್ದರು: "ನಾವು ಮೆಲ್ಬರ್ನ್‌ನಲ್ಲಿ ನೆಲೆಸುತ್ತೇವೆ. ಮನೆ ಕೊಳ್ಳುತ್ತೇವೆ. ನನ್ನ ತಾಯಿಯನ್ನು ನಮ್ಮ ಜೊತೆ ಕರೆಸಿಕೊಳ್ಳುತ್ತೇವೆ."

ನಾನು ಬರೆದಿದ್ದೆ: "ಐದು ವರ್ಷ ಅಲ್ಲಿ ದುಡಿದು ಊರಿಗೆ ಬರುತ್ತೇವೆ. ಹೊಳಲ್ಕೆರೆಯಲ್ಲಿ ಅತ್ತೆ, ತೋಟ ಇದೆ."

ಹೆಣ್ಣು ನೋಡೋಕೆ ಬಂದ ದಿನ ಇಬ್ಬರನ್ನೂ ಮಹಡಿ ಮೇಲೆ ಇಪ್ಪತ್ತು ನಿಮಿಷ ಮಾತಾಡೋಕೆ ಬಿಟ್ಟಿದ್ದರು. ನೀವು ವೆಜ್ಜಾ, ಯಾವ ಕಾಲೇಜು, ಅಲ್ಲಿ ಚಳಿ ಎಷ್ಟಿರುತ್ತೆ ಅಂತ ಕೇಳಿದ್ದೆ. ಜಾತಕ ನೋಡಿದ್ದರು, ಒಡವೆ ಮಾತಾಡಿದ್ದರು, ಛತ್ರದ ಖರ್ಚು ಮಾತಾಡಿದ್ದರು. ವಾಪಸ್ ಬರ್ತೀರಾ ಇಲ್ವಾ ಅನ್ನೋದನ್ನ ಎರಡು ಮನೆಯವರಲ್ಲಿ ಒಬ್ಬರೂ ಕೇಳಿರಲಿಲ್ಲ. ಬರ್ತಾರೆ ಅಂತ ನಾನಂದುಕೊಂಡಿದ್ದೆ, ಬರಲ್ಲ ಅಂತ ಇವಳಿಗೆ ಗೊತ್ತಿದೆ ಅಂತ ಇವರಂದುಕೊಂಡಿದ್ದರು.

ಫೋನಲ್ಲಿ ಜಗಳ ಆಯಿತು. "ಬಂದು ಏನ್ ಮಾಡ್ಲಿ ಹೇಳು, ಅಡಿಕೆ ಸುಲೀಲಾ?" ಅಂದ್ರು ಇವರು. "ನಿಮ್ಮಮ್ಮ ಸುಲಿಸ್ತಾರಲ್ಲ, ಅವ್ರಿಗೆ ವಯಸ್ಸು 61" ಅಂದೆ. "ಅದಕ್ಕೇ ಕರ್ಸ್ಕೋತೀನಿ ಅಂತಿರೋದು" ಅಂತ ಕಟ್ ಮಾಡಿದರು. ಮಾಮೂಲಿನಂತೆ ಸಂಜೆ ಐದೂವರೆಗೆ, ಅಂದರೆ ಅವರಿಗೆ ರಾತ್ರಿ ಹತ್ತಕ್ಕೆ ಬರೋ ಫೋನು ಮಾರನೇ ದಿನ ನನಗೆ ಬರಲಿಲ್ಲ. ಅತ್ತೆಗೆ ಬಂತು. ಒಂಬತ್ತು ದಿನ ಹಾಗೇ ನಡೀತು. ಅತ್ತೆ ಮಾತಾಡಿ ಫೋನ್ ಇಟ್ಟು ತಮ್ಮ ಪಾಡಿಗೆ ಹೂ ಕಟ್ಟುತ್ತಿದ್ದರು, ನನ್ನನ್ನೇನೂ ಕೇಳಲಿಲ್ಲ.

ಆ ಒಂಬತ್ತು ದಿನದಲ್ಲಿ ನಾನು ಮಾಡಿದ ಕೆಲಸ ಅಂದ್ರೆ, ಅತ್ತೆಯನ್ನು ಕರೆಸಿಕೊಳ್ಳೋಕೆ ನಿಜವಾಗಲೂ ಆಗುತ್ತಾ ಅಂತ ಹುಡುಕಿದ್ದು. ಸಾಮಾನ್ಯ ಪೇರೆಂಟ್ ವೀಸಾಕ್ಕೆ 2023ರಲ್ಲಿ ಅರ್ಜಿ ಹಾಕಿದರೆ ಸುಮಾರು ಮೂವತ್ತು ವರ್ಷ ಕಾಯಬೇಕು ಅಂತ ಅಲ್ಲಿನ ಇಲಾಖೆಯೇ ಹೇಳುತ್ತಿತ್ತು. ಅತ್ತೆಗೆ ಆಗ 91. ಇನ್ನೊಂದು ಬಗೆಯದಕ್ಕೆ ತಲೆಗೆ ನಲವತ್ತು ಸಾವಿರ ಡಾಲರಿಗೂ ಮೇಲೆ ಕಟ್ಟಬೇಕು, ಆದರೂ ಹತ್ತು ವರ್ಷಕ್ಕೂ ಹೆಚ್ಚಿನ ಸಾಲು. ಉಳಿದದ್ದು ಬಂದು ಇದ್ದು ಹೋಗೋ ವೀಸಾಗಳು. ಅತ್ತೆ ಹೊಸದುರ್ಗದ ತವರಲ್ಲೇ ಎರಡು ರಾತ್ರಿಗಿಂತ ಹೆಚ್ಚು ಇರಲ್ಲ, ಮೋಟರ್ ಆನ್ ಮಾಡೋರು ಯಾರು ಅಂತ ಬಸ್ ಹತ್ತಿಬಿಡ್ತಾರೆ.

ಇದನ್ನೆಲ್ಲ ಲಿಂಕ್ ಸಮೇತ ಇವರಿಗೆ ಕಳಿಸಿದೆ, ಒಂದು ಮಾತೂ ಬರೆಯದೆ. ಹತ್ತನೇ ದಿನ ಫೋನ್ ಬಂತು. "ಮೂವತ್ ವರ್ಷ ಅಂತ ಗೊತ್ತಿರ್ಲಿಲ್ಲ ಕಣೇ" ಅಂದ್ರು. ಎಂಟು ವರ್ಷದಿಂದ ಅಲ್ಲಿದ್ದವರು ಒಂದು ಸಲವೂ ಆ ಪುಟ ತೆಗೆದು ನೋಡಿರಲಿಲ್ಲ. ನೋಡೋಕೆ ಭಯ ಇತ್ತು ಅಂತ ಆಮೇಲೆ ಒಪ್ಪಿಕೊಂಡರು. ನಾನೂ ಒಂದು ಒಪ್ಪಿಕೊಂಡೆ, ಐದು ವರ್ಷ ಅಂತ ಬರೆದದ್ದು ಲೆಕ್ಕ ಹಾಕಿ ಅಲ್ಲ, ಹೋಗೋ ಭಯಕ್ಕೆ ಒಂದು ವಾಯಿದೆ ಇಟ್ಟುಕೊಂಡಿದ್ದು ಅಂತ.

ಕೊನೆಗೆ ಇಬ್ಬರ ಹೇಳಿಕೆಯಲ್ಲೂ ಇದ್ದದ್ದನ್ನೇ ಬರೆದೆವು. ಸದ್ಯಕ್ಕೆ ಮೆಲ್ಬರ್ನ್‌ನಲ್ಲಿರುತ್ತೇವೆ, ಊರಲ್ಲಿ ಇವರ ತಾಯಿ ಒಬ್ಬರೇ ಇದ್ದಾರೆ, ವರ್ಷಕ್ಕೊಂದು ತಿಂಗಳು ಅಡಿಕೆ ಕೊಯ್ಲಿನ ಹೊತ್ತಿಗೆ ಬರುತ್ತೇವೆ, ಮುಂದೆ ವಾಪಸ್ ಬರುತ್ತೇವೋ ಅವರು ಅಲ್ಲಿಗೆ ಬರುತ್ತಾರೋ ಇನ್ನೂ ತೀರ್ಮಾನ ಆಗಿಲ್ಲ, ಮಾತಾಡುತ್ತಿದ್ದೇವೆ. ತೀರ್ಮಾನ ಆಗಿಲ್ಲ ಅಂತ ಬರೆದರೆ ಅರ್ಜಿ ಸಡಿಲ ಆಗುತ್ತೆ ಅಂತ ಸ್ನೇಹಿತರೊಬ್ಬರು ಹೆದರಿಸಿದರು. ಇರಲಿ ಅಂದೆವು. 2023ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಅರ್ಜಿ ಹಾಕಿದೆವು. ಫೋನ್ ಕರೆಗಳ ಪಟ್ಟಿಯಲ್ಲಿ ಜುಲೈ ತಿಂಗಳ ಒಂಬತ್ತು ದಿನ ಖಾಲಿ ಇತ್ತು, ಅದನ್ನೂ ಹಾಗೇ ಹಾಕಿದೆವು.

ಆಮೇಲೆ ಕಾಯೋದು. ಇದರ ಬಗ್ಗೆ ಹೇಳೋಕೆ ಏನೂ ಇಲ್ಲ, ಕಾದೆವು. ಬೆಳಗ್ಗೆ ಎದ್ದು ಮೊದಲು ಇಮೇಲ್ ನೋಡೋದು, ಆಮೇಲೆ ಮುಖ ತೊಳೆಯೋದು. ಮೆಡಿಕಲ್‌ಗೆ ಒಂದು ಸಲ ಬೆಂಗಳೂರಿಗೆ ಹೋಗಿ ಬಂದೆ. ನೆಂಟರ ಮದುವೆಗೆ ಹೋದರೆ "ಇನ್ನೂ ಇಲ್ಲೇ ಇದೀಯಾ?" ಅನ್ನೋರು. ಆ ಮಾತಿನ ಹಿಂದೆ ಇನ್ನೊಂದು ಮಾತು ಇರುತ್ತಿತ್ತು, ಅದನ್ನು ನಮ್ಮಮ್ಮನ ಹತ್ರ ಹೇಳೋರು. ಅಮ್ಮ ಒಂದೆರಡು ಮದುವೆಗೆ ಹೋಗೋದನ್ನೇ ಬಿಟ್ಟರು.

ಹೊಸದುರ್ಗದ ನನ್ನ ಗೆಳತಿ ಒಬ್ಬಳು ಅಮೆರಿಕದಲ್ಲಿದ್ದಾಳೆ, ಎಚ್-4 ವೀಸಾ. ಅವಳಿಗೆ ವೀಸಾ ಎರಡೇ ತಿಂಗಳಿಗೆ ಸಿಕ್ಕಿತ್ತು. ಆದರೆ ಗಂಡನ ಗ್ರೀನ್ ಕಾರ್ಡ್ ಕಡತ ಒಂದು ಹಂತ ದಾಟೋ ತನಕ ಅವಳು ಕೆಲಸ ಮಾಡೋ ಹಾಗಿಲ್ಲ. ಎಂ.ಟೆಕ್ ಓದಿದವಳು ಮೂರು ವರ್ಷದಿಂದ ಮನೆಯಲ್ಲಿದ್ದಾಳೆ. "ನೀನು ಹೊರಗೆ ಕಾಯ್ತಿದೀಯ, ನಾನು ಒಳಗೆ ಕಾಯ್ತಿದೀನಿ" ಅಂತಾಳೆ. 309 ಸಿಕ್ಕಿದ ದಿನದಿಂದಲೇ ಕೆಲಸ ಮಾಡಬಹುದು, ಆ ಮಟ್ಟಿಗೆ ನಾನು ಪುಣ್ಯ ಮಾಡಿದ್ದೆ.

ಮದುವೆಯಾದಾಗಿನಿಂದ ನಾನು ಹೊಳಲ್ಕೆರೆಯಿಂದಲೇ ವರ್ಕ್ ಫ್ರಂ ಹೋಮ್ ಮಾಡುತ್ತಿದ್ದೆ. 2024ರ ಜನವರಿಯಲ್ಲಿ ಕಂಪನಿ ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ ಅಂತು. ಬೆಂಗಳೂರಲ್ಲಿ ಪಿ.ಜಿ. ಹಿಡಿದೆ. ಸೋಮವಾರ ರಾತ್ರಿ ಹೋಗೋದು, ಗುರುವಾರ ರಾತ್ರಿ ಬಸ್ ಹತ್ತಿ ಚಿತ್ರದುರ್ಗದಲ್ಲಿ ಇಳಿದು ಬೆಳಗಿನ ಮೊದಲ ಬಸ್ಸಿಗೆ ಹೊಳಲ್ಕೆರೆ ಸೇರೋದು. ಬಾಗಿಲು ತೆಗೆಯೋಕೆ ಅತ್ತೆ ಎದ್ದಿರುತ್ತಿದ್ದರು.

ಏಪ್ರಿಲ್‌ನಲ್ಲಿ ಇಮೇಲ್ ಬಂತು. ವೀಸಾ ಅಲ್ಲ, ಇನ್ನಷ್ಟು ಮಾಹಿತಿ ಕೇಳಿ. ನನ್ನ ಆಧಾರ್ ಕಾರ್ಡಿನಲ್ಲಿ ಒಂದು ವಿಳಾಸ, ಅರ್ಜಿಯಲ್ಲಿ ಒಂದು, ಬಾಡಿಗೆ ರಸೀದಿಯಲ್ಲಿ ಇನ್ನೊಂದು. ಮನೆ, ಖರ್ಚು ಎರಡರ ಬಗ್ಗೆಯೂ ಇನ್ನೂ ಸಾಕ್ಷಿ ಬೇಕು, 28 ದಿನದೊಳಗೆ.

ಅಧಿಕಾರಿ ಕೇಳಿದ್ದರಲ್ಲಿ ತಪ್ಪೇನಿಲ್ಲ. ಗಂಡ ಮೆಲ್ಬರ್ನ್, ಹೆಂಡತಿ ಮೂರು ಊರು. ಆದರೆ ಹೊಳಲ್ಕೆರೆ ಮನೆಯಲ್ಲಿ ನಾನಿದ್ದೀನಿ ಅನ್ನೋದಕ್ಕೆ ಸಾಕ್ಷಿ ಏನಿದೆ? ಕರೆಂಟ್ ಬಿಲ್ ತೀರಿಹೋದ ಮಾವನವರ ಹೆಸರಲ್ಲೇ ಇದೆ. ಗ್ಯಾಸ್ ಅತ್ತೆ ಹೆಸರಲ್ಲಿದೆ. ಅಡಿಗೆಮನೆಯಲ್ಲಿ ನನ್ನ ಹೆಸರಿರೋದು ಅಮ್ಮ ಕೊಟ್ಟ ಎರಡು ಸ್ಟೀಲ್ ಡಬ್ಬಿ ಮೇಲೆ ಮಾತ್ರ. ಇವರ ಎನ್‌ಆರ್‌ಒ ಖಾತೆಗೆ ನನ್ನನ್ನು ಜಂಟಿಯಾಗಿ ಸೇರಿಸಿದ್ದೆವು, ಅದರ ಸ್ಟೇಟ್‌ಮೆಂಟ್ ತೆಗೆದೆ. ನಾನು ಡಬ್ಬಿಗಳ ಫೋಟೋ ತೆಗೀತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಏನವ್ವಾ ಅದು, ಡಬ್ಬಿಗೆ ಫೋಟೋ?" ಅಂದ್ರು.

ಹೇಳಿದೆ. ನಾನು ಈ ಮನೆಯಲ್ಲಿ ಇದ್ದೀನಿ ಅಂತ ಅವರಿಗೆ ಗೊತ್ತಾಗಬೇಕಂತೆ ಅಂದೆ.

"ಅದಕ್ಕೆ ಡಬ್ಬಿ ಯಾಕೆ? ನಾನಿಲ್ವಾ? ನಾನ್ ಬರ್ಕೊಡ್ತೀನಿ" ಅಂದ್ರು.

ಅತ್ತೆ ಓದಿದ್ದು ಏಳನೇ ಕ್ಲಾಸು. ಕೂಲಿಯವರ ಲೆಕ್ಕ, ಹಾಲಿನ ಲೆಕ್ಕ ಬಿಟ್ಟು ಅವರು ಬರೆದದ್ದನ್ನು ನಾನು ನೋಡಿರಲಿಲ್ಲ. ಅವತ್ತು ಮಧ್ಯಾಹ್ನ ಊಟ ಆದಮೇಲೆ ಲೆಕ್ಕದ ಪುಸ್ತಕದಿಂದ ಹಾಳೆ ಹರಿದುಕೊಂಡು ಪಡಸಾಲೆಯಲ್ಲಿ ಕೂತರು. ನಾನು ಪಕ್ಕ ಕೂತು ಏನು ಬರೆಯಬೇಕು ಅಂತ ಹೇಳೋಕೆ ಹೋದೆ. "ಸಾಕ್ಷಿ ಹೇಳೋಳು ನಾನಾ ನೀನಾ? ಎದ್ದೋಗು" ಅಂದ್ರು. ಸಂಜೆ ದೀಪ ಹಚ್ಚೋ ಹೊತ್ತಿಗೆ ಕೊಟ್ಟರು. ಒಂದೂವರೆ ಪುಟ.

ಅದರಲ್ಲಿದ್ದದ್ದರಲ್ಲಿ ಸ್ವಲ್ಪ ಇಲ್ಲಿ ಹಾಕ್ತೀನಿ, ಅವರನ್ನು ಕೇಳಿಯೇ.

"ಇವಳು ನನ್ನ ಸೊಸೆ. ಇವಳ ತವರು ಹಿರಿಯೂರು. ಕೆಲಸ ಬೆಂಗಳೂರು. ಮನೆ ಇದೇ. ಮೂರು ದಿವಸ ಬೆಂಗಳೂರಲ್ಲಿ ಇರುತ್ತಾಳೆ, ನಾಲ್ಕು ದಿವಸ ಇಲ್ಲಿ ಇರುತ್ತಾಳೆ. ಶುಕ್ರವಾರ ಬೆಳಿಗ್ಗೆ ಬರುತ್ತಾಳೆ. ಆವತ್ತು ನಾನು ಎರಡು ಲೋಟ ಕಾಫಿಗೆ ಹಾಲು ಇಡುತ್ತೇನೆ.

"ನನ್ನ ಮಗ ದಿವಸಾ ಐದೂವರೆಗೆ ಫೋನು ಮಾಡುತ್ತಾನೆ. ಮದುವೆಗೆ ಮುಂಚೆ ನನ್ನ ಹತ್ತಿರ ಅರ್ಧ ಗಂಟೆ ಮಾತಾಡುತ್ತಿದ್ದ. ಈಗ ನನ್ನ ಹತ್ತಿರ ಐದು ನಿಮಿಷ ಮಾತಾಡಿ ಅವಳಿಗೆ ಕೊಡಮ್ಮ ಅನ್ನುತ್ತಾನೆ.

"ಹೋದ ವರ್ಷ ಬೋರಿನ ಮೋಟರು ಸುಟ್ಟಾಗ ಮಗ ದುಡ್ಡು ಇವಳ ಖಾತೆಗೆ ಹಾಕಿದ. ಇವಳೇ ಚಿತ್ರದುರ್ಗಕ್ಕೆ ಹೋಗಿ ರಿಪೇರಿ ಮಾಡಿಸಿಕೊಂಡು ಬಂದಳು. ಕಡಿಮೆ ಬಿದ್ದ ದುಡ್ಡು ಇವಳ ಸಂಬಳದಲ್ಲಿ ಹಾಕಿದಳು. ವಾಪಸ್ ತೆಗೆದುಕೊಳ್ಳಲಿಲ್ಲ.

"ಒಂದು ಸಲ ಇಬ್ಬರೂ ಒಂಬತ್ತು ದಿವಸ ಮಾತು ಬಿಟ್ಟಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ. ಹತ್ತನೇ ದಿವಸ ಸರಿ ಹೋದರು. ಗಂಡ ಹೆಂಡತಿ ಅಲ್ಲದಿದ್ದರೆ ಯಾಕೆ ಮಾತು ಬಿಡುತ್ತಾರೆ.

"ಇಬ್ಬರೂ ಒಂದೇ ಕಡೆ ಇರಬೇಕು. ನನಗೆ ಒಬ್ಬಳೇ ಇದ್ದು ರೂಢಿ ಇದೆ."

ಕೆಳಗೆ ಸಹಿ, ಹೊಳಲ್ಕೆರೆ ಅಂತ ಊರು, ತಾರೀಕು.

ನಾನು ಅದನ್ನು ಹಿಡಿದುಕೊಂಡು ಹಿತ್ತಿಲಿಗೆ ಹೋದೆ. ಮೋಟರ್ ರಿಪೇರಿಗೆ ಕಡಿಮೆ ಬಿದ್ದದ್ದು ನಾಲ್ಕು ಸಾವಿರ ಚಿಲ್ಲರೆ. ಅದನ್ನು ನಾನೇ ಮರೆತಿದ್ದೆ.

ಬೆಂಗಳೂರಿನ ಅನುವಾದಕರೊಬ್ಬರ ಹತ್ರ ಇಂಗ್ಲಿಷ್ ಮಾಡಿಸಿ, ಮೊಹರು ಹಾಕಿಸಿ, ಮೂಲದ ಜೊತೆ ಸ್ಕ್ಯಾನ್ ಮಾಡಿ ಇವರಿಗೆ ಕಳಿಸಿದೆ. ಒಂಬತ್ತು ದಿನದ ಸಾಲು ಇರಲೋ ತೆಗೆಸಲೋ ಅಂತ ಕೇಳಿದೆ. ತುಂಬ ಹೊತ್ತು ಉತ್ತರ ಬರಲಿಲ್ಲ. ಆಮೇಲೆ "ಇರ್ಲಿ" ಅಂತ ಬಂತು. ಮತ್ತೆ ಸ್ವಲ್ಪ ಹೊತ್ತಿಗೆ, "ಅರ್ಧ ಗಂಟೆ ಮಾತಾಡ್ತಿದ್ನಾ ನಾನು?" ಅಂತ ಬಂತು. ಅವತ್ತಿನಿಂದ ಫೋನು ಐದು ಗಂಟೆಗೇ ಬರೋಕೆ ಶುರುವಾಯಿತು. ಮೊದಲ ಅರ್ಧ ಗಂಟೆ ಅತ್ತೆದು.

2024ರ ನವೆಂಬರ್‌ನಲ್ಲಿ ವೀಸಾ ಬಂತು, ಅರ್ಜಿ ಹಾಕಿ ಹದಿನೈದು ತಿಂಗಳಿಗೆ. ಯಾವ ಕಾಗದ ನೋಡಿ ಕೊಟ್ಟರು ಅಂತ ಅವರು ಹೇಳಲ್ಲ, ನಮಗೂ ಗೊತ್ತಿಲ್ಲ. ಅಪ್ಪಾಜಿ ಮಾತ್ರ "ಬೀಗ್ತಿ ಕಾಗದಕ್ಕೇ ಆಗಿದ್ದು" ಅಂತ ಇವತ್ತಿಗೂ ಊರೆಲ್ಲ ಹೇಳ್ತಾರೆ.

ತೋಟ ಚೇಣಿಗೆ ಕೊಟ್ಟೆವು, ಅತ್ತೆ ಒಪ್ಪಿದ್ದು ಕಷ್ಟದ ಮೇಲೆ. ಸಂಕ್ರಾಂತಿ ಮುಗಿಸಿಕೊಂಡು ಹೊರಟೆ. 2025ರ ಜನವರಿ, ಮಾರಿಕಣಿವೆ ಮತ್ತೆ ಕೋಡಿ ಬಿದ್ದಿತ್ತು. ಹಿಂದಿನ ದಿನ ಅತ್ತೆಯನ್ನೂ ಕರೆದುಕೊಂಡು ಹೋಗಿ ನೋಡಿ ಬಂದೆವು. ನಾವಿಬ್ಬರೇ ಇರೋ ಫೋಟೋ ಚಿಕ್ಕಪ್ಪ ತೆಗೆದರು. ಅತ್ತೆ ನನ್ನ ತೋಳು ಹಿಡಿದುಕೊಂಡಿದ್ದಾರೆ, ಜಾರುತ್ತೆ ಅಂತ.

ಇಲ್ಲಿ ನಾಲ್ಕು ತಿಂಗಳಿಗೆ ಕೆಲಸ ಸಿಕ್ಕಿತು. ವಾಪಸ್ ಹೋಗೋದಾ, ಇರೋದಾ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಮಾತಾಡ್ತಾ ಇದ್ದೀವಿ ಅಂತ ಬರೆದಿದ್ದೆವಲ್ಲ, ಈಗ ನಿಜವಾಗಲೂ ಮಾತಾಡ್ತೀವಿ, ಕೆಲವು ಸಲ ರಾತ್ರಿ ಹನ್ನೆರಡರ ತನಕ. ಈ ಆಗಸ್ಟಿಗೆ ಅರ್ಜಿಗೆ ಎರಡು ವರ್ಷ ಆಯಿತು, ಕಾಯಂ ವೀಸಾದ ಹಂತ. ಮತ್ತೆ ಸಾಕ್ಷಿ ಕೂಡಿಸಬೇಕು, ಸಂಬಂಧ ಇನ್ನೂ ಹಾಗೇ ಇದೆ ಅಂತ. ಬಾಡಿಗೆ ಕರಾರು, ಕರೆಂಟ್ ಬಿಲ್ಲು ಈ ಸಲ ಇಬ್ಬರ ಹೆಸರಲ್ಲೂ ಇದೆ. ಆದರೂ ಅತ್ತೆಯಿಂದ ಒಂದು ಕಾಗದ ಇರಲಿ ಅನ್ನಿಸಿ ಹೋದ ಭಾನುವಾರ ಫೋನಲ್ಲಿ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದುಗಡೆ ಮೋಟರ್ ಓಡೋ ಸದ್ದು ಕೇಳ್ತಿತ್ತು.

"ಈಗ ನೀವಿಬ್ರೂ ಅಲ್ಲೇ ಇದ್ದೀರಲ್ಲವ್ವಾ, ನಾನ್ ನೋಡಿದ್ದೀನಾ? ಈ ಸಲ ಏನಂತ ಬರೀಲಿ?" ಅಂದ್ರು.